ಟ್ರ್ಯಾಪ್ ಅಭ್ಯಾಸಕ್ಕೆ ಯಾವ ತೋಟೆ? 24 ಗ್ರಾಂ ಸಾಕಾ, 28 ಬೇಕಾ?

ಹಟ್ಟಿಹೊಳೆ

ಎಲ್ಲರಿಗೂ ನಮಸ್ಕಾರ. ಮಳೆ ಬಿಟ್ಟ ಮೇಲೆ ಟ್ರ್ಯಾಪ್ (ನಮ್ಮಿಂದ ದೂರ ಹಾರುವ ಕ್ಲೇ ಬಿಲ್ಲೆಗೆ ಹೊಡೆಯೋದು) ಅಭ್ಯಾಸ ಶುರು ಮಾಡಬೇಕು ಅಂತಿದ್ದೇನೆ, ಕೈ ಕೂತ ಮೇಲೆ ಸ್ಕೀಟ್ (ಅಡ್ಡ ಹಾಯುವ ಬಿಲ್ಲೆಗೆ). ಕೋವಿ 12 ಬೋರ್, ಮೇಲೊಂದು ಕೆಳಗೊಂದು ನಳಿಗೆ, ಮೂರೂವರೆ ಕೆ.ಜಿ. ತೂಕ, ಚೇಂಬರ್ (ತೋಟೆ ಕೂರುವ ಜಾಗ) 70 ಮಿ.ಮೀ., ಚೋಕ್ (ನಳಿಗೆ ತುದಿಯ ಇಕ್ಕಟ್ಟು) ಬದಲಿಸಬಹುದು. ತೋಟೆ ಆರಿಸೋದ್ರಲ್ಲೇ ತಲೆ ಕೆಟ್ಟಿದೆ.

ಒಳಗಿನ ಚರೆಯ (ಸಣ್ಣ ಸೀಸದ ಗುಂಡುಗಳ) ತೂಕ 24 ಗ್ರಾಂ, 28 ಗ್ರಾಂ ಎರಡೂ ಇವೆ. ಚರೆ ಜಾಸ್ತಿ ಇದ್ದಷ್ಟೂ ಬಿಲ್ಲೆ ಒಡೆಯೋದು ಸುಲಭ ಅಲ್ವಾ? ಚರೆಯ ಗಾತ್ರದ ನಂಬರ್ 7½, 8, 9ರಲ್ಲಿ (ನಂಬರ್ ಹೆಚ್ಚಿದಷ್ಟೂ ಚರೆ ಸಣ್ಣ) ಯಾವುದು? ಒಂದು ಡಬ್ಬಿ ಮೇಲೆ ವೇಗ ಸೆಕೆಂಡಿಗೆ 390 ಮೀಟರ್ ಅಂತಿದೆ, ಇನ್ನೊಂದರಲ್ಲಿ 410. ಈ ವ್ಯತ್ಯಾಸಕ್ಕೆ ಹೆಚ್ಚು ದುಡ್ಡು ಕೊಡಬೇಕಾ? ಇನ್ನೊಂದು, ಮನೆಯಲ್ಲಿ ಅಜ್ಜನ ಕಾಲದ ಇಂಗ್ಲಿಷ್ ಜೋಡಿನಳಿಗೆ ಕೋವಿಯೂ ಇದೆ, ಲೈಸೆನ್ಸಿನಲ್ಲಿ ಎರಡೂ ಇವೆ. ಅದಕ್ಕೂ ಇದೇ ತೋಟೆ ಹಾಕಬಹುದಾ? ಉಳಿದಿರೋ ಬಿಬಿ ಮತ್ತು 4 ನಂಬರ್ (ದಪ್ಪ ಚರೆಯ) ತೋಟೆಗಳನ್ನು ಅಭ್ಯಾಸಕ್ಕೆ ಖಾಲಿ ಮಾಡಬಹುದಾ?

ಬಂಕರ್15

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ಬಿಬಿ, 4 ನಂಬರ್ ಎರಡನ್ನೂ ಕ್ಲೇ ಮೈದಾನಕ್ಕೆ ತರಲೇಬೇಡಿ. ಮೈದಾನದ ಗಡಿಯನ್ನು ಸಣ್ಣ ಚರೆ ಬೀಳುವ ದೂರದ ಲೆಕ್ಕದಲ್ಲಿ ಗುರುತಿಸಿರುತ್ತಾರೆ. 2.4 ಮಿ.ಮೀ. ಚರೆ ಎಷ್ಟೇ ಎತ್ತಿ ಹೊಡೆದರೂ ಹೆಚ್ಚುಕಮ್ಮಿ 200 ಮೀಟರಿನಲ್ಲಿ ನೆಲ ಸೇರುತ್ತೆ. ಬಿಬಿ ಚರೆ 300 ಮೀಟರ್ ದಾಟಿಬಿಡುತ್ತೆ. ಗಡಿಯಾಚೆ ಯಾರಿದ್ದಾರೋ, ದನ ಮೇಯ್ತಿದೆಯೋ ನಿಮಗೆ ಕಾಣಲ್ಲ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದಲ್ಲೂ ಚರೆಯ ವ್ಯಾಸ 2.6 ಮಿ.ಮೀ. ಮೀರುವಂತಿಲ್ಲ.

ಈಗ ತೂಕ. ಒಲಿಂಪಿಕ್ ಮಾದರಿಯ ಟ್ರ್ಯಾಪ್, ಸ್ಕೀಟ್ ಎರಡಕ್ಕೂ ಚರೆಯ ಮಿತಿ 24 ಗ್ರಾಂ. ತಯಾರಿಕೆಯ ಏರುಪೇರಿಗೆಂದು 24.5ರವರೆಗೆ ಬಿಡ್ತಾರೆ, ಅದರ ಮೇಲೆ ಹೋದರೆ ನಿಯಮಬಾಹಿರ. ಸ್ಪರ್ಧೆಯಲ್ಲಿ ತೋಟೆಗಳನ್ನು ತೆಗೆದು ತೂಗಿ ನೋಡೋದೂ ಉಂಟು. 28 ಗ್ರಾಂ ಇರೋದು ಸ್ಪೋರ್ಟಿಂಗ್ (ಕ್ಲೇ ಶೂಟಿಂಗಿನ ಇನ್ನೊಂದು ಬಗೆ) ಪಂದ್ಯಗಳಿಗೆ. ನಾಳೆ ಸ್ಪರ್ಧೆಗೆ ಹೋಗುವ ಯೋಚನೆ ಇದ್ದರೆ ಇವತ್ತಿನಿಂದಲೇ 24ರಲ್ಲಿ ಕಲಿಯಿರಿ.

ಸ್ಪರ್ಧೆಯ ಮಾತು ಬಿಟ್ಟರೂ 24ನ್ನೇ ಹೇಳ್ತೀನಿ, ಕಾರಣ ಹಿನ್ನೊದೆತ. ಮೂರೂವರೆ ಕೆ.ಜಿ. ಕೋವಿಯಲ್ಲಿ 400 ಮೀಟರ್ ವೇಗದ 24 ಗ್ರಾಂ ತೋಟೆ ಹಾರಿಸಿದರೆ ಭುಜಕ್ಕೆ ಬರುವ ಹೊಡೆತ ಸುಮಾರು 20 ಜೂಲ್. ಅದೇ ವೇಗದ 28 ಗ್ರಾಂಗೆ ಸುಮಾರು 26. ನಾಲ್ಕೇ ಗ್ರಾಂ ಅಲ್ವಾ ಅನ್ನಿಸುತ್ತೆ, ಹೊಡೆತ ಮಾತ್ರ ಒಂದೂ ಕಾಲು ಪಟ್ಟಿಗೂ ಮೇಲಾಯ್ತು. ಟ್ರ್ಯಾಪ್‌ನಲ್ಲಿ ಒಂದು ಸುತ್ತಿಗೆ 25 ಬಿಲ್ಲೆ, ಪ್ರತಿಯೊಂದಕ್ಕೂ ಎರಡು ಈಡಿನ ಅವಕಾಶ. ಹೊಸಬರು ಎರಡನೇ ಈಡು ಬಳಸೋದೇ ಹೆಚ್ಚು, ಅಂದರೆ ಸುತ್ತಿಗೆ 40-50 ತೋಟೆ. ಮೂರನೇ ಸುತ್ತಿನ ಹೊತ್ತಿಗೆ ಟ್ರಿಗರ್ ಎಳೆಯೋ ಮೊದಲೇ ಭುಜ ಅಳುಕೋಕೆ ಶುರುವಾಗುತ್ತೆ, ಕೆನ್ನೆ ಕೋವಿಯ ಹಿಡಿಯಿಂದ ಮೇಲೇಳುತ್ತೆ. ಕೆನ್ನೆ ಎದ್ದ ಈಡು ಬಿಲ್ಲೆಯ ಮೇಲಿಂದ ಹೋಗುತ್ತೆ. ಈ ಅಳುಕು ಒಮ್ಮೆ ಹತ್ತಿಕೊಂಡರೆ ಬಿಡಿಸೋದು ಬಹಳ ಕಷ್ಟ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ನಂಬರ್: ಟ್ರ್ಯಾಪ್‌ಗೆ ಎರಡೂ ನಳಿಗೆಗೆ 7½. ಆದರೆ ನಂಬರನ್ನೇ ನಂಬಬೇಡಿ, ಡಬ್ಬಿಯಲ್ಲಿ ಮಿ.ಮೀ. ಓದಿ. ದೇಶದಿಂದ ದೇಶಕ್ಕೆ ನಂಬರ್ ಬದಲಾಗುತ್ತೆ. ಅಮೆರಿಕದ 8 ಅಂದರೆ 2.3 ಮಿ.ಮೀ., ಬ್ರಿಟಿಷ್ 8 ಅಂದರೆ 2.2. ನಿಮಗೆ ಬೇಕಾದ್ದು 2.4ರ ಆಸುಪಾಸು.

ಜೋಡಿನಳಿಗೆ

ಹಟ್ಟಿಹೊಳೆಯವರೇ, ಅಜ್ಜನ ಕೋವಿಗೆ ಈ ತೋಟೆ ತುಂಬುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ.

ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಬಹಳಷ್ಟರ ಚೇಂಬರ್ ಎರಡೂವರೆ ಇಂಚು, ಅಂದರೆ 65 ಮಿ.ಮೀ. ಈಗಿನ ಕ್ಲೇ ತೋಟೆಗಳು 70 ಮಿ.ಮೀ. ಈ 70 ಅನ್ನುವುದು ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ಕೊಪ್ಪೆಯ (ತೋಟೆಯ ಹೊರಕವಚದ) ಉದ್ದ. ಹಾರಿಸುವ ಮೊದಲು ಬಾಯಿ ಮಡಿಸಿರುವುದರಿಂದ ತೋಟೆ 60 ಮಿ.ಮೀ. ಒಳಗೇ ಇರುತ್ತದೆ. ಹಾಗಾಗಿ 65ರ ಚೇಂಬರಿನಲ್ಲಿ ಸಲೀಸಾಗಿ ಕೂರುತ್ತದೆ, ಕೋವಿಯೂ ಸರಿಯಾಗಿ ಮುಚ್ಚಿಕೊಳ್ಳುತ್ತದೆ. ಮೋಸ ಇರುವುದು ಅಲ್ಲೇ. ಈಡು ಹಾರಿದಾಗ ಮಡಿಕೆ ಬಿಚ್ಚಿ ಚೇಂಬರಿನಾಚೆ, ನಳಿಗೆ ಕಿರಿದಾಗುವ ಜಾಗಕ್ಕೆ ಚಾಚುತ್ತದೆ. ಚರೆ, ವಾಡ್ (ಚರೆಗೂ ಮದ್ದಿಗೂ ನಡುವಿನ ಬಿರಡೆ) ಎರಡೂ ಆ ಇಕ್ಕಟ್ಟಿನಲ್ಲಿ ತೂರಬೇಕಾಗುವುದರಿಂದ ಒತ್ತಡ ಏರುತ್ತದೆ. ಮೊದಲೇ ಆ ಕೋವಿಗಳನ್ನು ಇಂದಿನ ತೋಟೆಗಿಂತ ಕಡಿಮೆ ಒತ್ತಡಕ್ಕೆ ಪರೀಕ್ಷಿಸಿರುತ್ತಾರೆ. ಇಂದಿನ ಸಾಮಾನ್ಯ 12 ಬೋರ್ ತೋಟೆಗೆ ಯುರೋಪಿನ ಕೋವಿ-ತೋಟೆ ಪರೀಕ್ಷಾ ಸಂಸ್ಥೆ ಸಿಐಪಿ ಒಪ್ಪುವ ಗರಿಷ್ಠ ಒತ್ತಡ 740 ಬಾರ್.

ನಳಿಗೆ ಬಿಚ್ಚಿ ಅಡಿಭಾಗದ ಪ್ರೂಫ್ ಗುರುತು (ಒತ್ತಡ ಪರೀಕ್ಷೆಯ ಮುದ್ರೆ) ನೋಡಿ. ನೈಟ್ರೋ ಪ್ರೂಫ್ (ಈಗಿನ ಹೊಗೆರಹಿತ ಮದ್ದಿಗೆ ಪರೀಕ್ಷಿಸಿದ್ದು) ಗುರುತಿಲ್ಲದಿದ್ದರೆ ಅದನ್ನು ಕರಿಮದ್ದಿನ ಕಾಲದ ಕೋವಿ ಎಂದೇ ತಿಳಿಯಿರಿ, ಇಂದಿನ ಯಾವ ತೋಟೆಯನ್ನೂ ಹಾಕುವಂತಿಲ್ಲ. ನಳಿಗೆಯ ಮೈಮೇಲೆ ಸುರುಳಿ ಸುರುಳಿಯಾದ ಗೆರೆ ಕಂಡರೆ ಅದು ಡಮಾಸ್ಕಸ್ ನಳಿಗೆ, ಅದನ್ನು ಗೋಡೆಯಲ್ಲೇ ಇರಲು ಬಿಡಿ. ನೈಟ್ರೋ ಪ್ರೂಫ್ ಇದ್ದು ಚೇಂಬರ್ 65 ಆಗಿದ್ದರೆ 65 ಮಿ.ಮೀ. ತೋಟೆಯನ್ನಷ್ಟೇ ಹಾಕಬೇಕು, ಅದೂ ಒಬ್ಬ ಒಳ್ಳೆಯ ಗನ್‌ಸ್ಮಿತ್ ನಳಿಗೆಯ ಗೋಡೆಯ ದಪ್ಪ ಅಳೆದು ಸರಿ ಎಂದ ಮೇಲೆ. ಗುರುತು ಸವೆದು ಓದಲಾಗದಿದ್ದರೆ ಊಹೆಯ ಮೇಲೆ ಹಾರಿಸಬೇಡಿ.

ಸ್ಟೀಲ್ ಚರೆಯ ತೋಟೆಗಳನ್ನು ಹಳೆಯ ಕೋವಿಯ ಹತ್ತಿರವೂ ತರಬೇಡಿ. ಸೀಸದಂತೆ ಅದು ಚೋಕಿನಲ್ಲಿ ಅದುಮಿಕೊಳ್ಳುವುದಿಲ್ಲ, ಬಿಗಿ ಚೋಕ್ ಇದ್ದರೆ ನಳಿಗೆಯ ತುದಿ ಉಬ್ಬುತ್ತದೆ.

ಮಾರ್ಕ್_ಪುಲ್

ಬಂಕರ್ ಅಣ್ಣ ಹೇಳಿದ್ದಕ್ಕೆ ಒಂದು ಸಣ್ಣ ತಕರಾರು. ಟ್ರ್ಯಾಪ್‌ನ ಮೊದಲ ಈಡಿಗೆ 8 ಕೆಟ್ಟದ್ದೇನಲ್ಲ. ಲೆಕ್ಕ ನೋಡಿ: 24 ಗ್ರಾಂನಲ್ಲಿ 7½ ಚರೆ ಸುಮಾರು 300, ಅಮೆರಿಕದ ಅಳತೆಯ 8 ಸುಮಾರು 350, 9 ಆದರೆ 500ಕ್ಕೆ ಸ್ವಲ್ಪ ಕಮ್ಮಿ. ಅಂದರೆ 24 ಗ್ರಾಂ 8 ನಂಬರ್ ತಗೊಂಡರೆ 28 ಗ್ರಾಂ 7½ರಷ್ಟೇ ಚರೆ ಸಿಗುತ್ತೆ, ಹಿನ್ನೊದೆತ ಇಲ್ಲದೆ! "ಚರೆ ಜಾಸ್ತಿ ಬೇಕು" ಅನ್ನೋರಿಗೆ ಇದೇ ಸರಿದಾರಿ. ಬೇಗ ಹೊಡೆಯುವವರಿಗೆ ಮೊದಲ ಈಡು 30-33 ಮೀಟರಿನಲ್ಲೇ ಸಿಗುತ್ತೆ, ಅಲ್ಲಿ 8ಕ್ಕೆ ಬಿಲ್ಲೆ ಒಡೆಯುವ ಶಕ್ತಿ ಧಾರಾಳ.

ಸ್ಕೀಟ್‌ಗೆ ಬಂದರೆ 9 ನಂಬರ್ (2.0 ಮಿ.ಮೀ.) ಬಿಟ್ಟು ಬೇರೆ ಯೋಚನೆ ಬೇಡ. ಅಲ್ಲಿ ಬಿಲ್ಲೆಗೆ ಒಂದೇ ಈಡು, ದೂರ 20 ಮೀಟರಿನ ಸುತ್ತಮುತ್ತ, ಬಿಲ್ಲೆ ಅಡ್ಡ ಹಾಯುತ್ತೆ. ಬೇಕಾದ್ದು ಬೇಗ ಹರಡುವ ತುಂಬು ಚರೆ, ಚೋಕ್ ಸ್ಕೀಟ್ (ತೀರಾ ಸಡಿಲ) ಅಥವಾ ಸಿಲಿಂಡರ್ (ಇಕ್ಕಟ್ಟೇ ಇಲ್ಲದ್ದು). 9ರ ಒಂದು ಚರೆಯ ತೂಕ 7½ರ ಶೇ. 60ರಷ್ಟೇ, ಗಾಳಿಯಲ್ಲಿ ವೇಗವನ್ನೂ ಬೇಗ ಕಳೆದುಕೊಳ್ಳುತ್ತೆ. ಆದ್ದರಿಂದ ಉಳಿದ ಸ್ಕೀಟ್ ತೋಟೆಯನ್ನು ಟ್ರ್ಯಾಪ್‌ನ ಎರಡನೇ ನಳಿಗೆಗೆ ತುಂಬಬೇಡಿ. 40 ಮೀಟರಿನಲ್ಲಿ ಚರೆ ತಾಗಿ ಬಿಲ್ಲೆಯಿಂದ ಧೂಳು ಏಳುತ್ತೆ, ಚೂರು ಬೀಳಲ್ಲ. ಕಣ್ಣಿಗೆ ಕಾಣುವಂಥ ಒಂದು ಚೂರಾದರೂ ಬೀಳದಿದ್ದರೆ ಅದು 'ಲಾಸ್ಟ್' ಅಂತಲೇ ಲೆಕ್ಕ, ಬರೀ ಧೂಳಿಗೆ ಅಂಕ ಇಲ್ಲ.

ಹಟ್ಟಿಹೊಳೆ

ತುಂಬಾ ಥ್ಯಾಂಕ್ಸ್. ಜೋಡಿನಳಿಗೆ ಸರ್, ಈಗಷ್ಟೇ ನೋಡಿದೆ, ಗುರುತಿನಲ್ಲಿ ಎರಡೂವರೆ ಇಂಚು ಅಂತಲೇ ಇದೆ. ಅದನ್ನು ಪಕ್ಕಕ್ಕಿಟ್ಟೆ. ವೇಗದ ಬಗ್ಗೆ ಯಾರೂ ಹೇಳಲಿಲ್ಲ. ಮತ್ತೆ, ನನ್ನ ಕೋವಿಗೆ ಯಾವ ತೋಟೆ ಹೊಂದುತ್ತೆ ಅಂತ ಹಾರಿಸಿ ನೋಡದೆ ತಿಳಿಯೋ ದಾರಿ ಇದೆಯಾ?

ಬಂಕರ್15

ಹಾರಿಸಿ ನೋಡದೆ ದಾರಿ ಇಲ್ಲ, ಆದರೆ ಬಿಲ್ಲೆಗೆ ಅಲ್ಲ, ಕಾಗದಕ್ಕೆ.

ಮೊದಲು ವೇಗ ಮುಗಿಸೋಣ. 390ಕ್ಕೂ 410ಕ್ಕೂ ಇರುವ ಅಂತರ ನಳಿಗೆಯ ಹತ್ತಿರದ್ದು. ಸಣ್ಣ ಚರೆ ಗಾಳಿಯಲ್ಲಿ ಎಷ್ಟು ಬೇಗ ನಿಧಾನ ಆಗುತ್ತೆ ಅಂದರೆ 35 ಮೀಟರ್ ತಲುಪುವ ಹೊತ್ತಿಗೆ ಸಮಯದಲ್ಲಿ ಉಳಿಯುವ ಲಾಭ ಮೂರ್ನಾಲ್ಕು ಮಿಲಿಸೆಕೆಂಡ್. ಅಷ್ಟರಲ್ಲಿ ಅಡ್ಡ ಹೋಗುವ ಬಿಲ್ಲೆ ಸರಿಯೋದು ಹತ್ತು ಸೆಂ.ಮೀ. ಒಳಗೆ, ಅಂದರೆ ಅದರದೇ ಅಗಲಕ್ಕಿಂತ ಕಮ್ಮಿ (ಬಿಲ್ಲೆಯ ವ್ಯಾಸ 110 ಮಿ.ಮೀ.). ಚರೆಯ ಹರಡು ಅದರ ಏಳು ಪಟ್ಟು ಅಗಲ. ಇದಕ್ಕಾಗಿ ಹೆಚ್ಚಿನ ದುಡ್ಡೂ ಭುಜದ ನೋವೂ ಯಾಕೆ? ಎರಡು ಬಗೆಯ ವೇಗದ ತೋಟೆಗಳನ್ನು ಬೆರೆಸಿ ಹಾರಿಸಬೇಡಿ ಅಷ್ಟೆ.

ದುಡ್ಡು ಹಾಕೋದಾದರೆ ಚರೆಯ ಗಡಸುತನಕ್ಕೆ ಹಾಕಿ. ಸೀಸಕ್ಕೆ ಆಂಟಿಮನಿ ಬೆರೆಸಿ ಗಟ್ಟಿ ಮಾಡ್ತಾರೆ. ಅಗ್ಗದ ತೋಟೆಯಲ್ಲಿ ಶೇ. 2ರಷ್ಟು, ಒಳ್ಳೆಯದರಲ್ಲಿ ಶೇ. 5ರಷ್ಟು. ಈಡು ಹಾರುವ ಕ್ಷಣದಲ್ಲಿ ತಳದ ಚರೆಗಳ ಮೇಲೆ ಮೇಲಿನದರ ಭಾರವೆಲ್ಲ ಬೀಳುತ್ತೆ. ಮೆತ್ತನೆಯವು ಚಪ್ಪಟೆಯಾಗಿ, ಹಾರುವಾಗ ಗುಂಪು ಬಿಟ್ಟು ಪಕ್ಕಕ್ಕೆ ಹೋಗ್ತವೆ. ವೇಗ ಹೆಚ್ಚಾದಷ್ಟೂ ಈ ಚಪ್ಪಟೆಯಾಗೋದು ಹೆಚ್ಚು. ಮೆತ್ತನೆ ಚರೆ, ಭಾರಿ ವೇಗ ಎರಡೂ ಸೇರಿದ ತೋಟೆಯೇ ಎಲ್ಲಕ್ಕಿಂತ ಕೆಟ್ಟದ್ದು, ಡಬ್ಬಿಯ ಮೇಲಿನ ಸಂಖ್ಯೆ ಮಾತ್ರ ನೋಡೋಕೆ ಚೆನ್ನಾಗಿರುತ್ತೆ.

ಕಾಗದದ ಪರೀಕ್ಷೆ ಹೀಗೆ. 120 ಸೆಂ.ಮೀ. ಚೌಕದ ಕಾಗದ, ನಡುವೆ ಒಂದು ಕಪ್ಪು ಚುಕ್ಕೆ, ಹಿಂದೆ ಮಣ್ಣಿನ ದಿಬ್ಬ. ನಳಿಗೆಯ ತುದಿಯಿಂದ 36.5 ಮೀಟರ್, ಅಂದರೆ 40 ಗಜ. ಕೋವಿಯನ್ನು ಬಿಲ್ಲೆಗೆ ಎತ್ತುವ ಹಾಗೇ ಎತ್ತಿ ಹೊಡೆಯಿರಿ, ರೈಫಲ್ ಥರ ಗುರಿ ಹಿಡಿಯುತ್ತಾ ನಿಲ್ಲಬೇಡಿ. ಒಂದು ಈಡಿಗೆ ಒಂದು ಕಾಗದ, ಒಂದು ಬಗೆಯ ತೋಟೆಗೆ ಕನಿಷ್ಠ ಐದು ಕಾಗದ. ಒಂದೇ ಕಾಗದ ನೋಡಿ ತೀರ್ಮಾನ ಮಾಡೋದು ದಂಡ, ಒಂದೇ ಡಬ್ಬಿಯ ತೋಟೆಗಳಲ್ಲೂ ಏರುಪೇರು ಇದ್ದೇ ಇರುತ್ತೆ. ತೂತುಗಳು ಎಲ್ಲಿ ದಟ್ಟವಾಗಿವೆಯೋ ಅದನ್ನು ಕೇಂದ್ರ ಮಾಡಿಕೊಂಡು 75 ಸೆಂ.ಮೀ. ವ್ಯಾಸದ ವೃತ್ತ ಎಳೆದು ಎಣಿಸಿ. ಫುಲ್ (ಬಹಳ ಬಿಗಿ) ಚೋಕ್ ಆದರೆ ಶೇ. 70, ಅಂದರೆ 300ರಲ್ಲಿ 210; ಮುಕ್ಕಾಲು ಚೋಕ್ ಆದರೆ ಶೇ. 65, ಅರ್ಧಕ್ಕೆ ಶೇ. 60. ಟ್ರ್ಯಾಪ್‌ಗೆ ಕೆಳಗಿನ ನಳಿಗೆಗೆ ಮುಕ್ಕಾಲು, ಮೇಲಿನದಕ್ಕೆ ಫುಲ್ ಹಾಕಿ ಶುರು ಮಾಡಿ.

ಎಣಿಕೆಗಿಂತ ಮುಖ್ಯವಾದ್ದು ಖಾಲಿ ಜಾಗ. 110 ಮಿ.ಮೀ. ಉದ್ದ, 30 ಮಿ.ಮೀ. ಅಗಲದ ರಟ್ಟಿನ ಪಟ್ಟಿ ಕತ್ತರಿಸಿಕೊಳ್ಳಿ. ಬಂಕರಿನಿಂದ (ಬಿಲ್ಲೆ ಎಸೆಯುವ ಯಂತ್ರಗಳ ಗುಂಡಿಯಿಂದ) ದೂರ ಹೋಗುವ ಬಿಲ್ಲೆ ನಿಮಗೆ ತೋರಿಸೋದು ಹೆಚ್ಚುಕಮ್ಮಿ ಇಷ್ಟೇ ಅಂಚು, ಪೂರ್ತಿ ಮುಖ ಅಲ್ಲ. ಆ ಪಟ್ಟಿಯನ್ನು ಕಾಗದದ ಮೇಲೆ ಜರುಗಿಸುತ್ತಾ ಹೋಗಿ. ನಡುವಿನ 50 ಸೆಂ.ಮೀ.ನಲ್ಲಿ ಹೆಚ್ಚಿನ ಕಡೆ ಎರಡು ಮೂರು ತೂತು ಪಟ್ಟಿಯಡಿ ಸಿಗಬೇಕು. ಪಟ್ಟಿಯಡಿ ಒಂದೂ ತೂತಿಲ್ಲದ ಜಾಗ ಐದು ಕಾಗದದಲ್ಲೂ ಮತ್ತೆ ಮತ್ತೆ ಸಿಕ್ಕರೆ ಆ ತೋಟೆ ನಿಮ್ಮ ನಳಿಗೆಗೆ ಹೊಂದಲ್ಲ. ಬೇರೆ ಕಂಪನಿಯದ್ದು ನೋಡಿ, ಇಲ್ಲವೇ ಚೋಕ್ ಒಂದು ಹಂತ ಬಿಗಿ ಮಾಡಿ. ಹರಡಿನ ನಡುಭಾಗ ಚುಕ್ಕೆಗಿಂತ ಸ್ವಲ್ಪ ಮೇಲೆ ಬಿದ್ದರೆ ಗಾಬರಿ ಬೇಡ. ಬಿಲ್ಲೆ ಏರುತ್ತಾ ಹೋಗೋದರಿಂದ ಟ್ರ್ಯಾಪ್ ಕೋವಿಗಳನ್ನು ಬೇಕೆಂದೇ ಹಾಗೆ ಮಾಡಿರ್ತಾರೆ.

ಮಾರ್ಕ್, ನಿಮ್ಮ 8ರ ಲೆಕ್ಕ ಸರಿಯಾಗಿದೆ. ಆದರೆ ಹೊಸಬರು ಬೇಗ ಹೊಡೆಯಲ್ಲ. ಅವರ ಮೊದಲ ಈಡೇ 38 ಮೀಟರಿಗೆ ಹೋಗುತ್ತೆ. ಜೊತೆಗೆ ಎರಡು ಜೇಬಿನಲ್ಲಿ ಎರಡು ನಂಬರ್ ಇಟ್ಟುಕೊಂಡರೆ ಅದಲು ಬದಲಾಗದೆ ಇರಲ್ಲ. ಕೈ ಚುರುಕಾದ ಮೇಲೆ ಖಂಡಿತ ಪ್ರಯತ್ನಿಸಲಿ.

ಜೋಡಿನಳಿಗೆ

ಕೊಳ್ಳುವಾಗ, ಇಡುವಾಗ ಗಮನಿಸಬೇಕಾದ ಇನ್ನು ಕೆಲವು.

ಪರೀಕ್ಷೆಯಲ್ಲಿ ಒಪ್ಪಿಗೆಯಾದ ತೋಟೆಯನ್ನು ಸಾಧ್ಯವಾದಷ್ಟು ಒಂದೇ ಬ್ಯಾಚ್ ನಂಬರಿನದು ಕೊಳ್ಳಿ. ಎಷ್ಟು ಕೊಳ್ಳಬಹುದು, ಒಮ್ಮೆಗೆ ಎಷ್ಟು ಇಟ್ಟುಕೊಳ್ಳಬಹುದು ಎಂಬುದು ನಿಮ್ಮ ಲೈಸೆನ್ಸಿನಲ್ಲಿ ನಮೂದಾಗಿರುತ್ತದೆ, ಅದರೊಳಗೆ ಲೆಕ್ಕ ಹಾಕಿ. ಹಿತ್ತಾಳೆ ಬುಡ ಎತ್ತರ ಇದ್ದರೆ ತೋಟೆ ಬಲವಾದದ್ದು ಎಂದು ಅಂಗಡಿಯಲ್ಲಿ ಹೇಳಿದರೆ ನಂಬಬೇಡಿ. 8 ಮಿ.ಮೀ. ಬುಡದ ಒಳ್ಳೆಯ ಕ್ಲೇ ತೋಟೆಗಳು ಬೇಕಾದಷ್ಟಿವೆ.

ಮಡಿಕೇರಿ, ಸೋಮವಾರಪೇಟೆಯ ಮಳೆಗೆ ತೋಟೆಗಳನ್ನು ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬುಡಕ್ಕೆ ಹಸಿರು ಕಿಲುಬು ಹಿಡಿದದ್ದು, ಬಾಯಿಯ ಮಡಿಕೆ ಉಬ್ಬಿದ್ದು, ಚೇಂಬರಿಗೆ ಬೆರಳಲ್ಲಿ ಒತ್ತಬೇಕಾದದ್ದು, ಇವನ್ನು ಬಳಸಬೇಡಿ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲೂ ಬಿಡಬೇಡಿ, ಬಿಸಿಯಾದ ಮದ್ದು ಒತ್ತಡ ಏರಿಸುತ್ತದೆ.

20 ಬೋರ್ ತೋಟೆ ಮೈದಾನದಲ್ಲಿ ನಿಮ್ಮ ಚೀಲಕ್ಕೆ ಸೇರದಂತೆ ನೋಡಿಕೊಳ್ಳಿ. ಅದು 12 ಬೋರ್ ಚೇಂಬರಿನಲ್ಲಿ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ ನೋಡಿದರೆ ಚೇಂಬರ್ ಖಾಲಿ. ಅದರ ಹಿಂದೆ 12ರ ತೋಟೆ ತುಂಬಿ ಹಾರಿಸಿದರೆ ನಳಿಗೆ ಒಡೆಯುತ್ತದೆ, ಎಡಗೈ ಇರುವುದು ಸರಿಯಾಗಿ ಅಲ್ಲೇ. ಇದಕ್ಕಾಗಿಯೇ 20 ಬೋರ್ ತೋಟೆಗೆ ಹಳದಿ ಬಣ್ಣ ಕೊಡುತ್ತಾರೆ.

ಈಡು 'ಠುಸ್' ಎಂದು ಮೆತ್ತಗೆ ಕೇಳಿದರೆ ಎರಡನೇ ಟ್ರಿಗರ್ ಎಳೆಯದೆ ಅಲ್ಲಿಗೇ ನಿಲ್ಲಿಸಿ, ಕೋವಿ ಖಾಲಿ ಮಾಡಿ, ನಳಿಗೆಯೊಳಗೆ ಬೆಳಕು ಹಾಯುತ್ತದೆಯೇ ನೋಡಿ. ವಾಡ್ ಒಳಗೇ ಉಳಿದಿರಬಹುದು. ಕೇಪಿಗೆ ಏಟು ಬಿದ್ದೂ ಹಾರದಿದ್ದರೆ ನಳಿಗೆಯನ್ನು ಮೈದಾನದ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾದು ಆಮೇಲೆ ತೆರೆಯಿರಿ. ಸೀಸ ಮುಟ್ಟಿದ ಕೈಯಲ್ಲಿ ಊಟಕ್ಕೆ ಕೂರಬೇಡಿ, ಸೋಪು ಹಾಕಿ ತೊಳೆದುಕೊಳ್ಳಿ.

ಹಟ್ಟಿಹೊಳೆ

ಸರಿ, 24 ಗ್ರಾಂ, 2.4 ಮಿ.ಮೀ., ಗಟ್ಟಿ ಚರೆಯದ್ದು ಮೂರು ಕಂಪನಿಯದ್ದು ಒಂದೊಂದು ಡಬ್ಬಿ ತಗೊಂಡು ಕಾಗದಕ್ಕೆ ಹಾರಿಸ್ತೀನಿ. ಎಣಿಕೆ ಇಲ್ಲೇ ಹಾಕ್ತೀನಿ. ಬಿಬಿ ಡಬ್ಬಿಗಳನ್ನು ಬೀರುವಿನಲ್ಲಿ ಬೀಗ ಹಾಕಿಟ್ಟೆ.