ಮರ ಉಳಿಯಿತು, ಸೈಕಲ್ ಹೋಯಿತು

ಎರಡು ತುಂಡಾದ ಕೇಬಲ್ ಬೀಗವನ್ನು ರೈಗಳು ಗೋಳಿಬಜೆಯ ಪ್ಲೇಟಿನ ಪಕ್ಕ ಇಟ್ಟರು. ಪೊರ್ಬುಗಳು ಅದನ್ನು ಎತ್ತಿ ಕತ್ತರಿಸಿದ ತುದಿ ನೋಡಿದರು. ಹೊರಗೆ ಹೆಬ್ಬೆರಳು ದಪ್ಪದ ಪ್ಲಾಸ್ಟಿಕ್, ಒಳಗೆ ನಾಲ್ಕು ಎಳೆ ತಂತಿ.

"ಬೊಂಡದ ಗೊನೆ ಇಳಿಸುವ ಹಗ್ಗ ಇದಕ್ಕಿಂತ ಗಟ್ಟಿ ಉಂಟು ಮಾರಾಯ್ರೆ."

"ಹೋದ ಸೈಕಲ್ ಹೋಯ್ತು," ಎಂದರು ರೈಗಳು. "ಗುಡ್ಡೆ, ಕೆಸರಲ್ಲಿ ಓಡಿಸುವ ಮೌಂಟನ್ ಬೈಕ್ ಹೊಸತು ಯಾವುದು ತೆಕ್ಕೊಳ್ಳುದು, ಅದು ಹೇಳಿ."

"ಅದಕ್ಕಿಂತ ಮೊದಲು ಸ್ಟೇಷನ್," ಎಂದರು ಭಟ್ರು. "ಬಿಲ್ಲು ಹಿಡ್ಕೊಂಡೇ ಹೋಗಿ. ಸೈಕಲ್ ಅಂದ ಕೂಡ್ಲೆ ಎಲ್ಲರ ಕಣ್ಣಿಗೆ ಬರುದು ಪೇಪರ್ ಹಾಕುವ ಸೈಕಲ್. ಕಳವಾದ ಮಾಲು 5,000 ರೂಪಾಯಿಗಿಂತ ಕಡಿಮೆದಾದರೆ ಹೊಸ ಕಾನೂನಲ್ಲಿ ಪೊಲೀಸರು ತಾವಾಗಿ ತನಿಖೆ ಮಾಡುವ ಹಾಗಿಲ್ಲ, ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು. ನಿಮ್ಮದು ಅದರ ಹತ್ತು ಪಟ್ಟಿಂದು ಅಂತ ಬಿಲ್ಲೇ ಹೇಳ್ಬೇಕು. ಫ್ರೇಮ್ ನಂಬರ್ ಗೊತ್ತುಂಟಾ?"

"ಅದೆಲ್ಲಿರ್ತದೆ?"

"ಪೆಡಲಿನ ಅಚ್ಚು ಹಾಯುವ ಜಾಗದ ಅಡಿಯಲ್ಲಿ. ಮಗುಚಿ ನೋಡಿದ್ರೆ ಕಾಣ್ತದೆ."

"ಮಗುಚಲಿಕ್ಕೆ ಸೈಕಲ್ ಎಲ್ಲುಂಟು ಭಟ್ರೇ!"

ಭಟ್ರು ಗೋಳಿಬಜೆಯನ್ನು ಚಟ್ನಿಗೆ ಅದ್ದಿದರು. ಸಿಕ್ಕಿದ ಸಂದಿಯಲ್ಲಿ ಶೆಟ್ರು ನುಗ್ಗಿದರು. "ನಾನು ಹೇಳುದು ಕೇಳಿ. 27 ಗೇರಿಂದು ತೆಕ್ಕೊಳ್ಳಿ. ಈಗಿನ ದುಬಾರಿ ಸೈಕಲಲ್ಲಿ ಬರೀ 12. ದುಡ್ಡು ಜಾಸ್ತಿ, ಗೇರ್ ಕಡಿಮೆ, ಇದೆಂಥ ವ್ಯಾಪಾರ?"

"ಆ 27ರಲ್ಲಿ ಸುಮಾರು ಒಂದರ ಮೇಲೊಂದು ಬೀಳ್ತವೆ ಶೆಟ್ರೇ," ಎಂದರು ಪೊರ್ಬುಗಳು. "ಪೆಡಲಿನ ಹತ್ರ ಮೂರು ಹಲ್ಲಿನ ಚಕ್ರ ಇಟ್ರೆ ಚೈನನ್ನು ಒಂದರಿಂದ ಇನ್ನೊಂದಕ್ಕೆ ದೂಡಲಿಕ್ಕೆ ಒಂದು ಡಿರೇಲರ್. ಆಟಿ ತಿಂಗಳ ಮಳೆಯ ಕೆಸರು ಮೊದಲು ಹೋಗಿ ಕೂರುದು ಅದರೊಳಗೆ. ಮುಂದೆ 32 ಹಲ್ಲಿನದ್ದು ಒಂದೇ, ಹಿಂದೆ 10ರಿಂದ 51 ಹಲ್ಲಿನವರೆಗಿನ ಚಕ್ರಗಳ ಗೊಂಚಲು, ಅದೇ ಕ್ಯಾಸೆಟ್, ಸಾಕು."

ಭಟ್ರು ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿದರು. 29 ಇಂಚಿನ ಚಕ್ರ ಒಂದು ಸುತ್ತಿಗೆ ಹತ್ತಿರ ಹತ್ತಿರ 2.3 ಮೀಟರ್. 51ರಲ್ಲಿ ಪೆಡಲಿನ ಒಂದು ಸುತ್ತಿಗೆ 1.4 ಮೀಟರ್, 10ರಲ್ಲಿ 7.4. "ಕದ್ರಿ ಗುಡ್ಡೆಗೆ ಮಿನಿಟಿಗೆ 80 ಸುತ್ತು ತುಳಿದರೆ ಗಂಟೆಗೆ 7 ಕಿಲೋಮೀಟರ್."

"ನಾನು ನಡೆದೇ ಐದು ಹೋಗ್ತೇನಲ್ಲ!" ಎಂದರು ಶೆಟ್ರು.

"ನಡೆಯಿರಿ. ಇಳಿಜಾರಲ್ಲಿ ಮಾತ್ರ ನಮ್ಮನ್ನು ಕಾಯ್ಬೇಡಿ. ರೈಗಳೇ, ಒಂದು ಮಾತ್ರ ಕೇಳಿ ತೆಕ್ಕೊಳ್ಳಿ. ಹಿಂದಿನ ಸಣ್ಣ ಹಲ್ಲು 11 ಆದರೆ ಚಕ್ರದ ನಡುವಿನ ಹಬ್ ಹೆಚ್ಚಾಗಿ ಹಳೇ ನಮೂನೆಯದ್ದು. ಶಿಮಾನೊ ಕಂಪನಿಯ 10 ಹಲ್ಲಿನದ್ದು ಅದಕ್ಕೆ ಕೂರುದಿಲ್ಲ, ಮೈಕ್ರೋ ಸ್ಪ್ಲೈನ್ ಅಂತ ಹೊಸ ನಮೂನೆಯದ್ದು ಬೇಕು. ಮುಂದಿನ ವರ್ಷ ಒಳ್ಳೆ ಕ್ಯಾಸೆಟ್ ಹಾಕುವ ಅಂತ ಹೊರಟ್ರೆ ಅದು ಕೂರುವ ಭಾಗ, ಫ್ರೀಹಬ್, ಬದಲಿಸ್ಬೇಕು. ಅದು ಸಿಗದಿದ್ರೆ ಚಕ್ರವೇ."

"ಎದುರು ಹಿಂದೆ ಎರಡೂ ಕಡೆ ಶಾಕ್ ಇರುವುದು?" ಶೆಟ್ರು ಸೋಲೊಪ್ಪುವವರಲ್ಲ.

ಭಟ್ರು ತಲೆಯಾಡಿಸಿದರು. "2012ರ ಲಂಡನ್ ಒಲಿಂಪಿಕ್ಸಿನ ಮೌಂಟನ್ ಬೈಕ್ ರೇಸಲ್ಲಿ ಕುಲ್ಹಾವಿ ಗೆದ್ದದ್ದು ಅಂಥದ್ದರಲ್ಲೇ, 29 ಇಂಚಿನ ಚಕ್ರ. ಎರಡನೇ ಬಂದ ಶುರ್ಟರಂದು ಹಿಂದೆ ಶಾಕ್ ಇಲ್ಲದ ಹಾರ್ಡ್‌ಟೇಲ್, ಚಕ್ರ 27.5 ಇಂಚು."

"ಕುಲ್ಹಾವಿಗೆ ಸೈಕಲ್ ತೊಳೆದು ಕೊಡಲಿಕ್ಕೆ ಮೆಕ್ಯಾನಿಕ್ ಇದ್ದ," ಎಂದರು ಪೊರ್ಬುಗಳು. "ಇಲ್ಲಿ ಎರಡು ಮಳೆಗಾಲ ಕಳೆದರೆ ಹಿಂದಿನ ಕೀಲುಗಳ ಬೇರಿಂಗೆಲ್ಲ ಕರಕರ. ಕಡಿಮೆ ದುಡ್ಡಿನ ಡಬಲ್ ಶಾಕಿಂದಂತೂ ಬೇಡವೇ ಬೇಡ. ತುಳಿದದ್ದರಲ್ಲಿ ಪಾಲು ಸ್ಪ್ರಿಂಗೇ ತಿಂತದೆ. ಆ ದುಡ್ಡನ್ನು ಎದುರಿನ ಚಕ್ರ ಹಿಡಿಯುವ ಶಾಕಿಗೆ, ಫೋರ್ಕಿಗೆ, ಹಾಕಿ."

ಇಲ್ಲಿಂದ ಪೊರ್ಬುಗಳ ಸ್ವರ ಏರಿತು. ಅಂಗಡಿಯವರು ತೋರಿಸುವುದು ಬಣ್ಣ, ಗೇರು, ಬ್ರೇಕು. ಕಂಪನಿ ದುಡ್ಡು ಉಳಿಸುವುದು ಫೋರ್ಕಿನಲ್ಲಿ. ಅಗ್ಗದ್ದರೊಳಗೆ ಉಕ್ಕಿನ ಸ್ಪ್ರಿಂಗ್, ಜಾರುವ ಕೊಳವೆಗಳೂ ಉಕ್ಕೇ, ತೂಕ ಎರಡೂವರೆ ಕಿಲೋದ ಆಸುಪಾಸು. ತಣ್ಣೀರುಬಾವಿ ಕಡಲ ಬದಿಯ ಉಪ್ಪುಗಾಳಿಗೆ ಆ ಕೊಳವೆಯ ಮೇಲೆ ಸಾಸಿವೆಯಷ್ಟು ತುಕ್ಕಿನ ಚುಕ್ಕಿ ಏಳುತ್ತದೆ. ಫೋರ್ಕ್ ಮೇಲೆ ಕೆಳಗೆ ಆದಾಗೆಲ್ಲ ಆ ಚುಕ್ಕಿ ರಬ್ಬರ್ ಸೀಲನ್ನು ಉಜ್ಜಿ ಹರಿಯುತ್ತದೆ. ಸೀಲು ಹೋದರೆ ಒಳಗೆ ನೀರು, ನೀರು ಹೋದರೆ ಫೋರ್ಕ್ ಜಾಮ್.

"ಗಾಳಿಯ ಫೋರ್ಕ್ ಕೇಳಿ ತೆಕ್ಕೊಳ್ಳಿ, 100 ಅಥವಾ 120 ಮಿಲಿಮೀಟರ್ ಕುಗ್ಗುವಂಥದ್ದು. ಮನೆಗೆ ತಂದ ದಿನವೇ ಶಾಕ್ ಪಂಪಿನಲ್ಲಿ ಗಾಳಿ ಹಾಕಿ. ಕೊಳವೆ ಮೇಲಿನ ರಬ್ಬರ್ ಬಳೆ ಕೆಳಗೆ ದೂಡಿ, ನೀರಿನ ಬಾಟ್ಲಿ ಬ್ಯಾಗು ಎಲ್ಲ ಹಾಕ್ಕೊಂಡು ಪೆಡಲ್ ಮೇಲೆ ನಿಲ್ಲಿ, ಮೆಲ್ಲ ಇಳಿಯಿರಿ. 100ರ ಫೋರ್ಕಲ್ಲಿ ಬಳೆ 15ರಿಂದ 20 ಮಿಲಿಮೀಟರ್ ಮೇಲೆ ಹೋಗಿರ್ಬೇಕು. ಜಾಸ್ತಿ ಹೋದ್ರೆ ಗಾಳಿ ಹಾಕಿ, ಕಡಿಮೆಯಾದ್ರೆ ಬಿಡಿ."

"ಬ್ಯಾಗಲ್ಲಿ ನಾಲ್ಕು ಬನ್ಸ್ ಇದ್ರೆ?"

"ಅದನ್ನೂ ಸೇರಿಸಿಯೇ, ಶೆಟ್ರೇ."

ಫ್ರೇಮಿಗೆ ಎರಡೇ ಪರೀಕ್ಷೆ. ಫೋರ್ಕ್ ಕೂರುವ ಎದುರಿನ ಕೊಳವೆ, ಹೆಡ್ ಟ್ಯೂಬ್, ಕೆಳಗೆ ದಪ್ಪ, ಮೇಲೆ ಸಪೂರ ಇರಬೇಕು. ಹಿಂದಿನ ಚಕ್ರಕ್ಕೆ ಸಪೂರ ಕಡ್ಡಿಯ ಕ್ವಿಕ್ ರಿಲೀಸ್ ಅಲ್ಲ, 12 ಮಿಲಿಮೀಟರ್ ದಪ್ಪದ ಅಚ್ಚು, ತ್ರೂ ಆ್ಯಕ್ಸಲ್. ಇವೆರಡಿದ್ದರೆ ನಾಳೆ ಒಳ್ಳೆ ಫೋರ್ಕ್, ಒಳ್ಳೆ ಚಕ್ರ ಹುಡುಕುವುದು ಸುಲಭ.

ಬ್ರೇಕಿನ ಮಾತು ಬಂದಾಗ ಭಟ್ರು ಡಿಸ್ಕಿನ ಮೇಲಿನ ಸಣ್ಣಕ್ಷರ ಓದಲು ಹೇಳಿದರು. "ರೆಸಿನ್ ಪ್ಯಾಡ್ ಓನ್ಲಿ ಅಂತ ಕೊರೆದಿದ್ರೆ ಮೆಟಲ್ ಪ್ಯಾಡ್ ಹಾಕುವ ಹಾಗಿಲ್ಲ, ಡಿಸ್ಕೇ ಸವೆದು ಹೋಗ್ತದೆ. ನಮ್ಮ ಕೆಂಪು ಕೆಸರಿಗೆ ಮೆಟಲ್ ಪ್ಯಾಡೇ ಬಾಳುದು. ಮತ್ತೆ ಎಣ್ಣೆ: ಮಿನರಲ್ ಆಯಿಲಿಂದು ನೋಡಿ. ಇನ್ನೊಂದು ನಮೂನೆ, ಡಾಟ್ ಫ್ಲೂಯಿಡ್, ಗಾಳಿಯ ತೇವ ಎಳೀತದೆ. ಈ ಊರಲ್ಲಿ ತೇವಕ್ಕೆ ಬರ ಉಂಟಾ?"

ಟಯರು 2.25 ಇಂಚು ಅಗಲದ್ದು, ಟ್ಯೂಬ್‌ಲೆಸ್. ಯಾಕೆಂದರೆ ನಾಚಿಕೆಮುಳ್ಳಿಗೆ ನಾಚಿಕೆ ಹೆಸರಲ್ಲಿ ಮಾತ್ರ. ಚಕ್ರಕ್ಕೆ 100 ಮಿಲಿ ಸೀಲೆಂಟ್, ಅಂದರೆ ತೂತು ಮುಚ್ಚುವ ದ್ರವ. ನಮ್ಮ ಸೆಕೆಗೆ ಎರಡು ಮೂರು ತಿಂಗಳಲ್ಲಿ ಒಣಗಿ ಹಪ್ಪಳ, ಮತ್ತೆ ಹಾಕಬೇಕು. ಎಪ್ಪತ್ತು ಕಿಲೋದ ಆಳಿಗೆ 22ರಿಂದ 25 ಪಿಎಸ್‌ಐ ಗಾಳಿ. ಅಷ್ಟಿದ್ದರೂ ಹಾವಸೆ ಹಿಡಿದ ಮುರಕಲ್ಲಿನ ಮೇಲೆ ಯಾವ ಟಯರೂ ನಿಲ್ಲುವುದಿಲ್ಲ, ಅಲ್ಲಿ ಬ್ರೇಕ್ ಮುಟ್ಟದೆ ನೇರ ಹೋಗುವುದೊಂದೇ ದಾರಿ.

"ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆಯಲ್ಲ, 2025ರ ಸೆಪ್ಟೆಂಬರಿಂದ," ಎಂದರು ರೈಗಳು ಆಸೆಯಿಂದ. "ಉಳಿದದ್ದರಲ್ಲಿ ಹೆಲ್ಮೆಟ್."

"ಹೆಲ್ಮೆಟ್ ನಿಮ್ಮತ್ರ ಉಂಟು. ಉಳಿದದ್ದಕ್ಕೆ ಯು-ಲಾಕ್ ತೆಕ್ಕೊಳ್ಳಿ, ಕಂಬಿ 14 ಮಿಲಿಮೀಟರ್ ದಪ್ಪ. ಹಿಂದಿನ ಚಕ್ರ, ಫ್ರೇಮ್, ಕಂಬ, ಮೂರೂ ಒಂದೇ ಹಿಡಿತದಲ್ಲಿ. ಬೀಗ ನೆಲಕ್ಕೆ ತಾಗಬಾರ್ದು, ತಾಗಿದ್ರೆ ಕಲ್ಲಿನ ಮೇಲಿಟ್ಟು ಜಜ್ಜಲಿಕ್ಕೆ ಸುಲಭ. ಕಂಬದ ತುದಿಯಿಂದ ಸೈಕಲನ್ನು ಎತ್ತಿ ತೆಗೀಲಿಕ್ಕಾಗ್ತದಾ ನೋಡಿ. ಅಲ್ಲ, ಹಳೇದನ್ನು ಯಾವುದಕ್ಕೆ ಕಟ್ಟಿದ್ದಿರಿ?"

ರೈಗಳು ಚಾ ಲೋಟದೊಳಗೆ ನೋಡಿದರು. "ಪಪ್ಪಾಯಿ ಮರಕ್ಕೆ."

"ಮರ ಉಂಟಾ?"

"ಉಂಟು. ಹಣ್ಣಾದದ್ದು ಎರಡಿತ್ತು, ಅದಿಲ್ಲ."