ಚಳಿಗಾಲದ ಟೊಂಗೆ, ಕಡಲ ಚಿಪ್ಪು, ಬೆಟ್ಟದ ಕಾಯಿ: ಹೂದಾನಿ ಜೋಡಿಸಿದವರ ಅನುಭವ

ಕೇಳಿದವರು, ಕಾರವಾರ

ಸಂಕ್ರಾಂತಿ ಕಳೆದ ಮೇಲೆ ಮನೆಯಲ್ಲೇ ತಂಗಿಯ ನಿಶ್ಚಿತಾರ್ಥ. ಪೇಟೆಯ ಹೂವು ತರದೆ ಅಂಗಳದ ಗಿಡಗಳಿಂದಲೇ ಹೂದಾನಿ ಜೋಡಿಸುವ ಆಸೆ. ಕ್ರೋಟನ್, ಗೋರಟೆ, ಕಾಗದದ ಹೂವು, ಕೆಂಪೆಲೆಯ ಪಾಯಿನ್‌ಸೆಟಿಯಾ ಇವೆ. ಜೊತೆಗೆ ಕಡಲ ದಂಡೆಯಲ್ಲಿ ಸಿಗುವ ಚಿಪ್ಪು, ಮರದ ತುಂಡು ಇಡಬಹುದಾ? ಕೊಯ್ದ ಟೊಂಗೆ ಎರಡು ದಿನವಾದರೂ ಬಾಡದೆ ನಿಲ್ಲಬೇಕು. ಮಾಡಿ ಗೊತ್ತಿದ್ದವರು ಹೇಳಿ.

ಶಿರಸಿಯಿಂದ

ತಂಗೀ, ಧೈರ್ಯವಾಗಿ ಮಾಡು. ಚೌತಿಗೆ ಗಣಪತಿಯ ಮೇಲೆ ಫಲಾವಳಿ ಕಟ್ಟುವವರು ನಾವು. ಕಾಡಿನ ಕಾಯಿ, ಅಡಿಕೆ ಕೊನೆ ಎಲ್ಲ ಸೇರಿಸಿ ಚೆಂದ ಮಾಡುವುದು ನಮಗೆ ಹೊಸದಲ್ಲ. ಅದನ್ನೇ ಮೇಜಿನ ಮೇಲೆ ಇಳಿಸುವುದು, ಅಷ್ಟೇ.

ಎಲ್ಲಕ್ಕಿಂತ ಮುಖ್ಯ ಕೊಯ್ಯುವ ಹೊತ್ತು. ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ಕೊಯ್ಯಬೇಕು. ಬಿಸಿಲೇರಿದ ಮೇಲೆ ಕೊಯ್ದರೆ ಏನು ಮಾಡಿದರೂ ಜೋತುಬೀಳುತ್ತದೆ. ಓರೆಯಾಗಿ ಕತ್ತರಿಸು. ಗಟ್ಟಿ ಟೊಂಗೆಯಾದರೆ ಬುಡವನ್ನು ಒಂದಿಂಚು ಉದ್ದಕ್ಕೆ ಸೀಳಿಬಿಡು, ಆಗ ನೀರು ಚೆನ್ನಾಗಿ ಏರುತ್ತದೆ. ನೀರಿನೊಳಗೆ ಮುಳುಗುವ ಎಲೆ ಒಂದೂ ಇರಬಾರದು. ಅವು ಕೊಳೆತರೆ ನೀರು ನಾರುತ್ತದೆ, ಟೊಂಗೆಯ ಬಾಯಿ ಕಟ್ಟಿಕೊಳ್ಳುತ್ತದೆ. ಕೊಯ್ದ ಕೂಡಲೇ ಜೋಡಿಸಲು ಕೂರಬೇಡ. ಒಂದು ರಾತ್ರಿ ಬಕೆಟ್ ನೀರಿನಲ್ಲಿ ನೆರಳಿಗಿಡು. ಈ ಒಂದು ಕೆಲಸ ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ.

ಪಾಯಿನ್‌ಸೆಟಿಯಾಕ್ಕೆ ಹಾಲು ಬರುತ್ತದೆ. ಕತ್ತರಿಸಿದ ತುದಿಯನ್ನು ದೀಪದ ಉರಿಗೆ ಕೆಲವು ಕ್ಷಣ ಹಿಡಿದರೆ ಹಾಲು ನಿಲ್ಲುತ್ತದೆ. ಆಮೇಲೆ ಕೈ ತೊಳೆದುಕೋ, ಕಣ್ಣಿಗೆ ತಾಗಿದರೆ ಉರಿಯುತ್ತದೆ. ಕಾಗದದ ಹೂವಿನಲ್ಲಿ ಬಣ್ಣ ಇರುವುದು ಹೂವಿನ ಸುತ್ತಲಿನ ಎಲೆಗೆ, ನಿಜವಾದ ಹೂವು ನಡುವಿನ ಸಣ್ಣ ಬಿಳಿಯದು. ಅದರ ಹಸಿರೆಲೆ ಪೂರ್ತಿ ತೆಗೆದುಬಿಟ್ಟರೆ ಬಣ್ಣ ಜಾಸ್ತಿ ಹೊತ್ತು ನಿಲ್ಲುತ್ತದೆ. ಗೋರಟೆಯನ್ನು ಮೊಗ್ಗು ತುಂಬಿದ ಟೊಂಗೆಯಾಗಿ ಕೊಯ್ಯಿ. ಅರಳಿದ್ದು ಬೇಗ ಉದುರುತ್ತದೆ, ಮೊಗ್ಗು ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ. ಕ್ರೋಟನ್ ಬಗ್ಗೆ ಚಿಂತೆಯೇ ಬೇಡ. ಬಲಿತ ಎಲೆಯದ್ದು ವಾರ ದಾಟಿಯೂ ಇರುತ್ತದೆ, ಎಳೆ ಕುಡಿ ಮಾತ್ರ ಬೇಡ.

ಟೊಂಗೆ ನಿಲ್ಲಿಸಲು ಅಂಗಡಿಯ ಹಸಿರು ಸ್ಪಂಜು ಬೇಡ. ಹೂದಾನಿಯ ಬಾಯಿಯೊಳಗೆ ಒಂದು ಕವೆಗಡ್ಡಿ ಅಡ್ಡ ಸಿಕ್ಕಿಸು, ಟೊಂಗೆ ಅದಕ್ಕೆ ಒರಗಿ ನಿಲ್ಲುತ್ತದೆ. ಬಿದಿರಿನ ತುಂಡಾದರೆ ಒಳಗೊಂದು ಲೋಟ ಇಡು. ಸುಟ್ಟ ಮಣ್ಣಿನ ಮಡಕೆಗೂ ಹಾಗೇ, ಇಲ್ಲದಿದ್ದರೆ ನೀರು ಜಿನುಗಿ ಮೇಜು ಹಾಳು. ನನ್ನ ಕೇಳಿದರೆ ಹಳೆಯ ತಾಮ್ರದ ಚೊಂಬಿನಷ್ಟು ಒಪ್ಪುವುದು ಬೇರೊಂದಿಲ್ಲ.

ನಮ್ಮ ಕಡೆ ಈಗ ಕಾಫಿ ಹಣ್ಣಾಗಿದೆ. ಕೆಂಪು ಹಣ್ಣು ತುಂಬಿದ ಒಂದು ಕೊಂಬೆ ಸಾಕು, ಹೂವೇ ಬೇಡ. ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ, ಹೊನ್ನೆಯ ದುಂಡು ರೆಕ್ಕೆಯ ಕಾಯಿ, ಮತ್ತಿಯ ಐದು ಏಣಿನ ಕಾಯಿ, ಕಲ್ಲುಹೂವು ಹಿಡಿದ ಕಡ್ಡಿ ಬಿದ್ದಿರುತ್ತವೆ. ಬಿದ್ದದ್ದನ್ನು ಮಾತ್ರ ಹೆಕ್ಕು. ಒಂದು ದಿನ ಕಡು ಬಿಸಿಲಿಗಿಡದೆ ಒಳಗೆ ತರಬೇಡ, ಕಾಯಿಯೊಳಗೆ ಹುಳ ಇರುತ್ತದೆ.

ಕಾರವಾರದಿಂದಲೇ, ಕೋಡಿಬಾಗದ ಕಡೆಯವರು

ಶಿರಸಿ ಅಕ್ಕ ಹೇಳಿದ್ದು ಸರಿ. ಕಡಲಿನ ವಸ್ತುಗಳ ಬಗ್ಗೆ ನಾನು ಹೇಳುತ್ತೇನೆ.

ಚಿಪ್ಪನ್ನು ಹೂವಿನ ನೀರಿಗೆ ಹಾಕಬೇಡಿ. ಚಿಪ್ಪು ಅಂದರೆ ಸುಣ್ಣ. ಕೊಯ್ದ ಟೊಂಗೆಗೆ ತುಸು ಹುಳಿಯ ನೀರು ಒಗ್ಗುತ್ತದೆ, ಸುಣ್ಣ ಅದನ್ನು ಕೆಡಿಸುತ್ತದೆ. ಉಪ್ಪಿನಂಶ ಸೇರಿದರಂತೂ ಎಲೆ ಬೇಗ ಬಾಡುತ್ತದೆ. ಚಿಪ್ಪು ತಟ್ಟೆಯಲ್ಲಿರಲಿ, ಹೂದಾನಿಯ ಬುಡದಲ್ಲಿರಲಿ, ನೀರಿನ ಹೊರಗೇ ಇರಲಿ. ಮಳೆಗಾಲದಲ್ಲಿ ಕಾಳಿ ನದಿ ಹೊತ್ತು ತಂದ ಮರದ ತುಂಡುಗಳು ದಂಡೆಯಲ್ಲಿ ಸಿಗುತ್ತವೆ. ಅವನ್ನು ಸಿಹಿನೀರಿನಲ್ಲಿ ನೆನೆಹಾಕಿ. ದಿನಾ ನೀರು ಬದಲಿಸಿ, ನಾಲಿಗೆಗೆ ಉಪ್ಪು ಹತ್ತದ ತನಕ. ಆಮೇಲೆ ಬಿಸಿಲು. ಇದಕ್ಕೆ ಸಮಯ ಬೇಕು, ಇವತ್ತೇ ಶುರು ಮಾಡಿ. ಗಾಳಿಮರದ ಕಾಯಿಗೆ ಈ ಉಪಚಾರ ಬೇಡ, ತೊಳೆದು ಒಣಗಿಸಿದರೆ ಸಾಕು.

ಚಿಪ್ಪು ಎತ್ತುವ ಮೊದಲು ತಿರುಗಿಸಿ ನೋಡಿ. ಸನ್ಯಾಸಿ ಏಡಿ ಒಳಗಿದ್ದರೆ ಅಲ್ಲೇ ಬಿಡಿ, ಅದರ ಮನೆ ಅದು. ಹವಳದ ತುಂಡು ಕಂಡರೂ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ 2001ರಲ್ಲಿ ಹವಳಗಳನ್ನೂ ಕೆಲವು ಜಾತಿಯ ಶಂಖಗಳನ್ನೂ ಸೇರಿಸಿದ್ದಾರೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳ ಇನ್ನೂ ಬದುಕಿದೆ. ಅದು ಉಳಿಯಬೇಕು ಅಂತ ನನಗೆ ತುಂಬಾ ಅನಿಸುತ್ತದೆ, ಅದಕ್ಕೇ ಇಷ್ಟು ಒತ್ತಿ ಹೇಳುವುದು.

ಕುಮಟಾದಿಂದ

ಚಿಪ್ಪು ಹುಡುಕಿಕೊಂಡು ದಂಡೆಗೆ ಹೋಗಬೇಕಾ? ಅಘನಾಶಿನಿ ಹೊಳೆಯ ಬಳಚಿನ (ಚಿಪ್ಪಿನ ಮೀನಿನ) ಸಾರು ಮಾಡುವ ಮನೆಗಳಲ್ಲಿ ಚಿಪ್ಪು ರಾಶಿ ಇರುತ್ತದೆ. ಬೆಂದದ್ದಾದ್ದರಿಂದ ಒಳಗೆ ಜೀವ ಇಲ್ಲ. ಉಜ್ಜಿ ತೊಳೆದು ಬಿಸಿಲಿಗೆ ಹಾಕಿದರೆ ವಾಸನೆಯೂ ಹೋಗುತ್ತದೆ.

ಇನ್ನೊಂದು ಮಾತು. ನಿಶ್ಚಿತಾರ್ಥಕ್ಕೆ ಮಕ್ಕಳು ಬರುತ್ತಾರೆ ಅಲ್ವಾ? ಗುಲಗಂಜಿ ಚೆಂದ ಕಾಣುತ್ತದೆ ಅಂತ ತಟ್ಟೆಯಲ್ಲಿ ಹರಡಬೇಡಿ. ಅದು ಭಾರಿ ವಿಷ. ಕಣಗಿಲೆ ಟೊಂಗೆಯೂ ಬೇಡ, ಅದರ ಎಲೆ, ಹೂವು ಎಲ್ಲ ವಿಷವೇ. ಮಾವಿನ ಚಿಗುರು ತರುವುದಾದರೆ ಚಗಳಿ ಇರುವೆ ನೋಡಿ ಕೊಡವಿ ತನ್ನಿ.

ಹೊನ್ನಾವರದಿಂದ

ಎಲ್ಲರೂ ಹೇಳಿದ್ದನ್ನೆಲ್ಲ ಒಂದೇ ಹೂದಾನಿಗೆ ತುಂಬಬೇಡಿ. ನನ್ನ ಅಭಿಪ್ರಾಯ ಇಷ್ಟು: ಒಂದು ಹೂದಾನಿಗೆ ಒಂದೇ ಗಿಡ, ಪಕ್ಕದಲ್ಲಿ ಒಂದೇ ವಸ್ತು. ಕಡಲಿನ ಬಿಳಿ ಮರದ ತುಂಡಿನ ಹತ್ತಿರ ಕಪ್ಪುಗೆಂಪು ಕ್ರೋಟನ್ ಇಟ್ಟು ನೋಡಿ, ಎರಡರ ಬಣ್ಣವೂ ಎದ್ದು ಕಾಣುತ್ತದೆ. ಅದಕ್ಕೇ ಗೋರಟೆ, ಚಿಪ್ಪು, ಕಾಯಿ ಎಲ್ಲ ಸೇರಿಸಿದರೆ ಸಂತೆ. ಟೊಂಗೆ ಹೂದಾನಿಯ ಒಂದೂವರೆ ಪಟ್ಟು ಎತ್ತರ ಇರಲಿ. ಗಿಡದಲ್ಲಿ ಯಾವ ಕಡೆ ವಾಲಿತ್ತೋ ಆ ಕಡೆಗೇ ವಾಲಲಿ, ನೇರ ಮಾಡಲು ಹೋಗಬೇಡಿ. ಫ್ಯಾನಿನ ಕೆಳಗೆ ಮಾತ್ರ ಇಡಬೇಡಿ, ಗಾಳಿಗೆ ಎಲೆ ಒಣಗುತ್ತದೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಮರದ ತುಂಡು ಇವತ್ತೇ ನೆನೆಹಾಕಿದೆ. ಅಕ್ಕ, ಕಾಫಿ ಕೊಂಬೆಯ ಮೇಲೆ ಮನಸ್ಸಾಗಿದೆ. ಶಿರಸಿಯಲ್ಲಿ ಚಿಕ್ಕಮ್ಮನ ತೋಟ ಇದೆ. ಬಸ್ಸಿನಲ್ಲಿ ಇಲ್ಲಿಯವರೆಗೆ ತಂದರೆ ಬಾಡುವುದಿಲ್ಲವಾ?

ಶಿರಸಿಯಿಂದ

ಬಾಡುವುದಿಲ್ಲ. ಹಿಂದಿನ ದಿನವೇ ಕೊಯ್ದು ರಾತ್ರಿ ನೀರಿನಲ್ಲಿಡಲು ಚಿಕ್ಕಮ್ಮನಿಗೆ ಹೇಳು. ಹೊರಡುವಾಗ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಮೇಲೆ ಬಾಳೆಎಲೆ ಕಟ್ಟಲಿ. ಇಡೀ ಕಟ್ಟನ್ನು ಅಡಿಕೆ ಹಾಳೆಯಲ್ಲಿ ಮಲಗಿಸಿದರೆ ಹಣ್ಣು ಉದುರುವುದಿಲ್ಲ. ದೇವಿಮನೆ ಘಟ್ಟ ಇಳಿದ ಮೇಲೆ ಸೆಕೆ ಜಾಸ್ತಿ, ಹಾಗಾಗಿ ಬೆಳಗಿನ ಬಸ್ಸೇ ಹಿಡಿಯಲಿ. ಮನೆ ಮುಟ್ಟಿದ ಕೂಡಲೇ ಬುಡ ಇನ್ನೊಮ್ಮೆ ಓರೆಯಾಗಿ ಕತ್ತರಿಸಿ ನೀರಿಗಿಡು. ಹಾಳೆ ಎಸೆಯಬೇಡ, ನಿನ್ನ ಬಳಚಿನ ಚಿಪ್ಪು ಹರಡಲು ಅದೇ ತಟ್ಟೆಯಾಗುತ್ತದೆ.