ಪದಚರ್ಚೆ: ವೌಚರ್‌ಗೆ ‘ಅನುದಾನ’ ಎನ್ನಬಹುದೇ?

ಪ್ರಶ್ನೆ (ಬಾಗಲಕೋಟೆ): ಅಮೆರಿಕದ ಮೇಯ್ನ್ ರಾಜ್ಯದ ಶಾಲಾ ಮೊಕದ್ದಮೆ ಕುರಿತ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಸ್ಕೂಲ್ ಚಾಯ್ಸ್’ಗೆ ಶಾಲಾ ಆಯ್ಕೆ, ‘ವೌಚರ್’ಗೆ ಅನುದಾನ, ‘ಸೆಕ್ಟೇರಿಯನ್ ಸ್ಕೂಲ್’ಗೆ ಮಠದ ಶಾಲೆ ಎಂದು ಹಾಕಿದ್ದೇನೆ. ನಮ್ಮ ಕಡೆ ಓದುಗರಿಗೆ ಸರಿಹೊಂದೀತೇನ್ರಿ?

ಉತ್ತರ (ಬೆಳಗಾವಿ): ಸರ್, ‘ಅನುದಾನ’ ಮೊದಲು ತೆಗೆಯಿರಿ. ನಮ್ಮಲ್ಲಿ ‘ಗ್ರ್ಯಾಂಟ್ ಸಾಲಿ’ ಅಂದರೆ ಆಡಳಿತ ಮಂಡಳಿ ಖಾಸಗಿ, ಮಂಜೂರಾದ ಹುದ್ದೆಗಳ ಪಗಾರ ಸರ್ಕಾರದ್ದು. ದುಡ್ಡು ಹುದ್ದೆಗೆ ಕಟ್ಟಿಬಿದ್ದದ್ದು, ಹುಡುಗ ಟಿ.ಸಿ. ತಗೊಂಡು ಬೇರೆ ಸಾಲಿಗೆ ಹೋದರೆ ಆ ಪಗಾರ ಅವನ ಬೆನ್ನು ಹತ್ತುವುದಿಲ್ಲ. ವೌಚರ್ ಅಂದರೆ ಮಗುವಿನ ಫೀಗೆಂದು ಸರ್ಕಾರ ಪಾಲಕರಿಗೆ ಕೊಡುವ ಚೀಟಿ, ಅದರ ಹಣ ಮಗುವಿನ ಬೆನ್ನಿಗೇ ಹೋಗುತ್ತದೆ. ‘ಅನುದಾನ’ ಎಂದು ಬರೆದರೆ ಓದುಗರಿಗೆ ಮಾಸ್ತರರ ಪಗಾರವೇ ನೆನಪಾಗುತ್ತದೆ, ಇಡೀ ವಾದ ತಲೆಕೆಳಗು.

ಇನ್ನೊಂದು, ಮೇಯ್ನ್‌ನದು ವೌಚರ್ ಕೂಡ ಅಲ್ಲ. ಸ್ವಂತ ಹೈಸ್ಕೂಲ್ ಇಲ್ಲದ ಊರುಗಳಲ್ಲಿ ಪಾಲಕರು ಆರಿಸಿದ ಶಾಲೆಗೆ ಫೀ ತುಂಬುವ ಯೋಜನೆ ಅದು. ‘ಶುಲ್ಕ ನೆರವು’ ಸಾಕು. ನಮ್ಮಲ್ಲಿ ಇದಕ್ಕೆ ಸಮೀಪದ್ದು 2009ರ ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ಬಡ, ಹಿಂದುಳಿದ ಮಕ್ಕಳಿಗೆ ಮೀಸಲಾದ ಶೇ. 25ರ ಸೀಟು, ಅಲ್ಲಿಯ ಮಾತು ‘ಶುಲ್ಕ ಮರುಪಾವತಿ’. ಆದರೆ ಅದನ್ನು ಇಲ್ಲಿಗೆ ಎಳೆದು ತರಬೇಡಿ. ನಮ್ಮ ಸುಪ್ರೀಂ ಕೋರ್ಟಿನ 2014ರ ತೀರ್ಪಿನ ನಂತರ ಅಲ್ಪಸಂಖ್ಯಾತ ಸಂಸ್ಥೆಗಳು ಆ ಕಾಯ್ದೆಯ ಹೊರಗಿವೆ. ಮೇಯ್ನ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪು (2022) ಹೇಳಿದ್ದು ಬೇರೆಯದೇ: ಖಾಸಗಿ ಶಾಲೆಗಳಿಗೆ ಫೀ ಕೊಡುವುದಾದರೆ, ಧರ್ಮ ಬೋಧಿಸುತ್ತವೆ ಎಂಬ ಕಾರಣಕ್ಕೆ ಕೆಲವನ್ನು ಹೊರಗಿಡುವಂತಿಲ್ಲ.

‘ಮಠದ ಶಾಲೆ’ಯೂ ದಾರಿ ತಪ್ಪಿಸುತ್ತದೆ. ಇಲ್ಲಿ ಮಠ ನಡೆಸುವ ಎಷ್ಟೋ ಸಾಲಿಗಳಲ್ಲಿ ಕಲಿಸುವುದು ರಾಜ್ಯ ಪಠ್ಯಕ್ರಮ, ಬರೆಯುವುದು ಎಸ್ಸೆಸ್ಸೆಲ್ಸಿ. ನಡೆಸುವವರು ಯಾರು ಎಂಬುದಷ್ಟೇ ಆ ಹೆಸರಲ್ಲಿದೆ. ಮೇಯ್ನ್ ನೋಡಿದ್ದು ಏನು ಕಲಿಸುತ್ತಾರೆ ಎಂಬುದನ್ನು. ‘ಮತೀಯ ಶಾಲೆ’ ಅಂದರೆ ಪತ್ರಿಕೆಯ ‘ಮತೀಯ ಗಲಭೆ’ಯ ವಾಸನೆ ಹತ್ತುತ್ತದೆ. ‘ಧರ್ಮಬೋಧನೆಯ ಶಾಲೆ’ ಎನ್ನಿ, ಉದ್ದವಾದರೂ ಚಿಂತೆಯಿಲ್ಲ.

ಭಾರತದ ಹೋಲಿಕೆ ಬರೆಯುವವರಿದ್ದರೆ ಒಂದು ಎಚ್ಚರಿಕೆ. ‘ಅನುದಾನಿತ ಶಾಲೆಯಲ್ಲಿ ಧರ್ಮಬೋಧನೆ ನಿಷಿದ್ಧ’ ಎಂಬ ವಾಕ್ಯ ಎಲ್ಲರ ಬಾಯಲ್ಲೂ ಇದೆ, ತಪ್ಪು. ಸಂವಿಧಾನದ 28(1) ತಡೆಯುವುದು ಪೂರ್ತಿ ಸರ್ಕಾರದ ಹಣದಲ್ಲೇ ನಡೆಯುವ ಸಂಸ್ಥೆಗಳಲ್ಲಿ. ಅದರಲ್ಲೂ, ಧರ್ಮಬೋಧನೆ ಬೇಕೆಂಬ ದತ್ತಿ ಅಥವಾ ಟ್ರಸ್ಟಿನಡಿ ಹುಟ್ಟಿ ಈಗ ಸರ್ಕಾರ ನಡೆಸುವ ಸಂಸ್ಥೆಗೆ 28(2) ವಿನಾಯಿತಿ ಕೊಡುತ್ತದೆ. ಅನುದಾನಿತ, ಮಾನ್ಯತೆ ಪಡೆದ ಶಾಲೆಗಳಿಗೆ 28(3): ಕಲಿಸಬಹುದು, ಒತ್ತಾಯ ಮಾಡುವಂತಿಲ್ಲ, ಮಗು ಅಪ್ರಾಪ್ತವಾದರೆ ಪಾಲಕರ ಒಪ್ಪಿಗೆ ಬೇಕು. ‘ಧರ್ಮಬೋಧನೆ’ಯನ್ನೂ ‘ಧರ್ಮಗಳ ಕುರಿತ ಪಾಠ’ವನ್ನೂ ಒಂದೇ ಮಾಡಬೇಡಿ, ಅರುಣಾ ರಾಯ್ ಪ್ರಕರಣದಲ್ಲಿ (2002) ನಮ್ಮ ಸುಪ್ರೀಂ ಕೋರ್ಟ್ ಇವೆರಡನ್ನೂ ಬೇರೆ ಮಾಡಿದೆ.

ಮರು ಉತ್ತರ (ವಿಜಯಪುರ): ಮೇಲಿನದಕ್ಕೆ ಸಹಮತ. ‘ಶಾಲಾ ಆಯ್ಕೆ’ಯಲ್ಲಿ ಆರಿಸುವವರು ಯಾರು? ಶಾಲೆ ಮಕ್ಕಳನ್ನು ಆರಿಸುತ್ತದೆ ಎಂದೂ ಅರ್ಥವಾದೀತು. ‘ಪಾಲಕರ ಶಾಲಾ ಆಯ್ಕೆ’ ಅನ್ನಿ; ತೆಂಕಣದ ಪತ್ರಿಕೆಗಾದರೆ ‘ಪೋಷಕರ’. ಮೂಲದ ‘ಪಬ್ಲಿಕ್ ಸ್ಕೂಲ್’ ಅನ್ನು ಹಾಗೇ ಬಿಡಬೇಡಿ. ನಮ್ಮೂರ ಬೋರ್ಡುಗಳಲ್ಲಿ ಅದು ಡೊನೇಶನ್ ತಗೊಳ್ಳುವ ಇಂಗ್ಲಿಷ್ ಸಾಲಿ, ಕರ್ನಾಟಕ ಪಬ್ಲಿಕ್ ಸ್ಕೂಲ್ ಅಂದರೆ ಕೆಪಿಎಸ್‌ನಲ್ಲಿ ಮಾತ್ರ ಸರ್ಕಾರಿ. ಲೇಖನದ ಉದ್ದಕ್ಕೂ ‘ಸರ್ಕಾರಿ ಶಾಲೆ’ ಎಂದೇ ಇರಲಿ.